ಹೋಮ್‌ಸ್ಟೆಡಿಂಗ್ ಅಂದರೆ ನಿಮ್ಮ ಮನೆಯಲ್ಲಿ ಏನರ್ಥ?

ಎರೆಹೊಲ (ಬಸವನ ಬಾಗೇವಾಡಿ ತಾಲ್ಲೂಕು) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ. ಪುರುಸೊತ್ತು ಇದ್ದಾಗ ಓದಿ.

ಪುಣೆ ಹತ್ತಿರ ಒಂದು ಕಾರ್ಖಾನೆಯಲ್ಲಿ 16 ವರ್ಷ ದುಡಿದೆ. ಹೋದ ವರ್ಷದ ಹಿಂದಿನ ದೀಪಾವಳಿಗೆ ಹೆಂಡತಿ, ಇಬ್ಬರು ಮಕ್ಕಳನ್ನು ಕರೆದುಕೊಂಡು ಊರಿಗೆ ಬಂದೆ. ಅಪ್ಪ ಇಲ್ಲ, ಅವ್ವ ಇದ್ದಾಳೆ. ನನ್ನ ಪಾಲಿಗೆ ಬಂದಿದ್ದು 3 ಎಕರೆ 10 ಗುಂಟೆ ಎರೆ ಭೂಮಿ. ಕಾಲುವೆ ನೀರು ನಮ್ಮ ಹೊಲಕ್ಕೆ ಏರುವುದಿಲ್ಲ. ಮಳೆ ನಂಬಿಯೇ ಬಿತ್ತಬೇಕು.

ಪುಣೆಯಲ್ಲಿದ್ದಾಗ ರಾತ್ರಿ ಪಾಳಿ ಮುಗಿಸಿ ಬಂದು ಫೋನಿನಲ್ಲಿ ಹೋಮ್‌ಸ್ಟೆಡಿಂಗ್ ವಿಡಿಯೊ ನೋಡುತ್ತಿದ್ದೆ. ಅಮೆರಿಕದ ಸಂಸಾರಗಳು. ಕಟ್ಟಿಗೆಯ ಮನೆ, ಹಿತ್ತಲಲ್ಲಿ ಕೋಳಿ, ಕೊಟ್ಟಿಗೆಯಲ್ಲಿ ಹಸು, ಚಳಿಗಾಲಕ್ಕೆ ಅಂತ ಗಾಜಿನ ಬಾಟಲಿಗಳಲ್ಲಿ ತುಂಬಿಟ್ಟ ತರಕಾರಿ. ಮನೆಗೆ ಬೇಕಾದ್ದನ್ನೆಲ್ಲ ಅವರೇ ಬೆಳೆದುಕೊಳ್ಳುತ್ತಾರೆ. ನನಗೂ ಹೀಗೇ ಬದುಕಬೇಕು ಅನಿಸಿತು. ಆ ಆಸೆಯಿಂದಲೇ ಬಂದಿದ್ದೇನೆ.

ಅವ್ವನಿಗೆ ಒಂದು ವಿಡಿಯೊ ತೋರಿಸಿದೆ. ಪೂರ್ತಿ ನೋಡಿದಳು. "ಇದಕ್ಕ ಏನಂತಾರ?" ಅಂತ ಕೇಳಿದಳು. ಹೇಳಿದೆ. "ಒಕ್ಕಲತನ ಅನ್ನು ಮತ್ತ," ಅಂದಳು.

ಆ ಮಾತು ತಲೆಯಿಂದ ಹೋಗುತ್ತಿಲ್ಲ. ಒಕ್ಕಲುತನ ಅಂದರೆ ಬರೀ ಬೇಸಾಯ ಅಂತ ತಿಳಿದಿದ್ದೆ. ಆದರೆ ಹೊಸ ಮನೆಗೆ ಹೋಗುವುದೂ ಮನೆಯೊಕ್ಕಲು. ಊರಲ್ಲಿ ಎಷ್ಟು ಮನೆತನ ಇವೆ ಅಂತ ಕೇಳುವಾಗಲೂ ಎಷ್ಟು ಒಕ್ಕಲು ಅಂತಲೇ ಕೇಳುತ್ತೇವೆ. ಮನೆ, ಹೊಲ, ಜನ ಮೂರೂ ಒಂದೇ ಶಬ್ದದಲ್ಲಿವೆ, ಅಲ್ವಾ?

ಬಂದು ಒಂದೂವರೆ ವರ್ಷ ಆಯಿತು. ನಾನೇ ಬಿತ್ತಿದ ಮೊದಲ ಹಿಂಗಾರಿ ಪೀಕು ಮನೆಗೆ ಬಂದಿದೆ. ಲೆಕ್ಕ ಹೀಗಿದೆ. ಒಂದೂವರೆ ಎಕರೆಯಲ್ಲಿ ಮಾಲ್ದಂಡಿ ಜೋಳ, 7 ಕ್ವಿಂಟಲ್. ಮನೆಯಲ್ಲಿ ಐದು ಜನ. ದಿನಕ್ಕೆ ಒಂದೂವರೆ ಕೆಜಿ ಹಿಟ್ಟು ಬೇಕು. ಅಂದರೆ ವರ್ಷಕ್ಕೆ ಐದೂವರೆ ಕ್ವಿಂಟಲ್. ರೊಟ್ಟಿಯ ಚಿಂತೆ ಇಲ್ಲ. ಕಣಿಕೆ ಆಕಳಿಗಾಯಿತು. ಕಡಲೆ ಒಂದು ಎಕರೆ, ಮನೆಗೆ ಇಟ್ಟುಕೊಂಡು ಉಳಿದದ್ದು ಮಾರಿದೆ. ಜೋಳದ ಸುತ್ತ ಕುಸುಬೆ ಹಾಕಿದ್ದೆ. ಮುಳ್ಳಿರುವುದರಿಂದ ದನ ಒಳಗೆ ನುಗ್ಗುವುದಿಲ್ಲ. 40 ಕೆಜಿ ಸಿಕ್ಕಿತು. ಗಾಣಕ್ಕೆ ಹಾಕಿಸಿದರೆ 11 ಕೆಜಿ ಎಣ್ಣೆ. ನಮ್ಮ ಮನೆಗೆ ಅದು ಮೂರೂವರೆ ತಿಂಗಳಿಗಷ್ಟೇ.

ಸೋತದ್ದನ್ನೂ ಹೇಳಬೇಕು. 22 ಜವಾರಿ ಕೋಳಿ ಸಾಕಿದ್ದೆ. ಕೊಕ್ಕರೆ ರೋಗ ಬಂದು ಒಂದೇ ವಾರದಲ್ಲಿ ಎಲ್ಲವೂ ಸತ್ತವು. ಲಸಿಕೆ ಹಾಕಿಸಿರಲಿಲ್ಲ. ತರಕಾರಿಗೆ ಅಂತ ಬೋರು ಹೊಡೆಸಿದೆ. 480 ಅಡಿಯವರೆಗೂ ಬರೀ ಪುಡಿ ಬಂತು. ಪುಣೆಯಲ್ಲಿ ಉಳಿಸಿದ ಹಣದಲ್ಲಿ ಒಂದು ಲಕ್ಷದ ಮೇಲೆ ಅಲ್ಲೇ ಹೋಯಿತು. ಮಕ್ಕಳ ಫೀಸು, ಅವ್ವನ ಬಿಪಿ ಗುಳಿಗೆ, ಟ್ರ್ಯಾಕ್ಟರ್ ಬಾಡಿಗೆ, ಇವು ಯಾವ ಹೊಲದಲ್ಲೂ ಬೆಳೆಯುವುದಿಲ್ಲ.

ನನ್ನ ಪ್ರಶ್ನೆ ಇದು. ಎಷ್ಟು ಮನೆಯದು, ಎಷ್ಟು ಹೊರಗಿನದು ಆದರೆ ಇದು ನಿಜವಾದ ಒಕ್ಕಲುತನ? ನಿಮ್ಮ ಮನೆಯಲ್ಲಿ ಇದಕ್ಕೆ ಏನರ್ಥ? ಹೊಲ ಇದ್ದವರೂ ಹೇಳಿ, ಇಲ್ಲದವರೂ ಹೇಳಿ.

ತಾರಸಿ ತೋಟ (ಬೆಳಗಾವಿ):

ನನಗೆ ಹೊಲ ಇಲ್ಲ. ಟಿಳಕವಾಡಿಯಲ್ಲಿ ಎರಡನೇ ಮಹಡಿಯ ಮನೆ, ಮೇಲೆ ತಾರಸಿ. ಹಳೆ ಬಣ್ಣದ ಡಬ್ಬಗಳಲ್ಲಿ ಮೆಂತ್ಯ, ಪುಂಡಿ, ಬದನೆ, ಮೆಣಸಿನಕಾಯಿ ಬೆಳೆಯುತ್ತೇನೆ. ವಾರದಲ್ಲಿ ಎರಡು ದಿನದ ಪಲ್ಯ ಮನೆಯದೇ. ನಮ್ಮ ಮಾವನವರಿಗೆ ಮರೆವಿನ ಕಾಯಿಲೆ ಇದೆ. ನನ್ನ ಹೆಸರು ಅವರಿಗೆ ನೆನಪಿರುವುದಿಲ್ಲ. ಆದರೆ ಪುಂಡಿ ಎಲೆ ಕಂಡರೆ ಹೆಸರು ಹೇಳುತ್ತಾರೆ, ಎಳೆಯದನ್ನು ನೋಡಿ ಚಿವುಟುತ್ತಾರೆ. ನನಗೆ ಇದರ ಅರ್ಥ ಅಷ್ಟು. ಅದು ನನಗೆ ದೊಡ್ಡದು.

ಅಣ್ಣಾ, ನೀರಿನ ಬಗ್ಗೆ ಒಂದು ಮಾತು. ಇನ್ನೊಂದು ಬೋರಿಗೆ ದುಡ್ಡು ಹಾಕುವ ಮೊದಲು ನಿಮ್ಮ ಮನೆಯ ಮಾಳಿಗೆ ಅಳೆಯಿರಿ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 100 ಚದರ ಮೀಟರಿನ ಸ್ಲ್ಯಾಬಿನ ಮೇಲೆ ವರ್ಷಕ್ಕೆ 600 ಮಿಲಿಮೀಟರ್ ಬಿದ್ದರೆ 60 ಸಾವಿರ ಲೀಟರ್ ಆಗುತ್ತದೆ. ಆವಿ, ಸೋರಿಕೆ ಕಳೆದರೂ ಹಿತ್ತಲ ತರಕಾರಿಗೆ ಸಾಕಷ್ಟು. ತೊಟ್ಟಿ ಮಾತ್ರ ಮುಚ್ಚಿರಬೇಕು. ಇಲ್ಲದಿದ್ದರೆ ಸೊಳ್ಳೆ.

ಇಂಡಿ ಅಕ್ಕ:

ತಮ್ಮಾ, ನಾನು ಹೇಳುತ್ತಿದ್ದೇನೆ, ಮೊಮ್ಮಗಳು ಬರೆಯುತ್ತಿದ್ದಾಳೆ.

ನಾನು 1978ರಲ್ಲಿ ಮದುವೆಯಾಗಿ ಈ ಮನೆಗೆ ಬಂದೆ. ಆಗ ನನಗೆ 17 ವರ್ಷ. ಮನೆಯಲ್ಲಿ 14 ಜನ, ಎರಡು ಜೋಡಿ ಎತ್ತು, ಮೂರು ಎಮ್ಮೆ. ನೀವು ವಿಡಿಯೊದಲ್ಲಿ ನೋಡಿದ್ದೆಲ್ಲ ನಮ್ಮಲ್ಲಿ ಇತ್ತು. ಅಂಗಡಿಯಿಂದ ತರುತ್ತಿದ್ದದ್ದು ಉಪ್ಪು, ಚಹಾಪುಡಿ, ಸಕ್ಕರೆ, ಸೀಮೆಎಣ್ಣೆ, ಕಡ್ಡಿಪೆಟ್ಟಿಗೆ. ಅರಿವೆ ವರ್ಷಕ್ಕೊಮ್ಮೆ. ಉಳಿದದ್ದೆಲ್ಲ ಹೊಲದ್ದು.

ಮನೆ ಮುಂದೆ ಹಗೇವು ಇತ್ತು. ಇಂದಿನ ಹುಡುಗರಿಗೆ ಅದು ಗೊತ್ತಿಲ್ಲ. ಗಟ್ಟಿ ನೆಲದಲ್ಲಿ ತೋಡಿದ ಕಾಳಿನ ಗುಂಡಿ ಅದು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಒಳಗೆ ಸುತ್ತಲೂ ಹುಲ್ಲು ಹಾಸಿ, ಜೋಳ ತುಂಬಿ, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಗಾಳಿ ಆಡದಿದ್ದರೆ ಹುಳ ಬದುಕುವುದಿಲ್ಲ. ತೆಗೆಯುವ ದಿನ ಬಾಯಿ ತೆರೆದು ಬಹಳ ಹೊತ್ತು ಹಾಗೇ ಬಿಡಬೇಕು. ಆಮೇಲೆ ದೀಪ ಇಳಿಸಿ ನೋಡಬೇಕು. ದೀಪ ಆರಿದರೆ ಯಾರೂ ಇಳಿಯುವಂತಿಲ್ಲ. ಒಳಗಿನ ಕೆಟ್ಟ ಗಾಳಿ ಮನುಷ್ಯನ ಜೀವ ತೆಗೆಯುತ್ತದೆ. ಹಗೇವಿನ ಜೋಳಕ್ಕೆ ಒಂದು ವಾಸನೆ ಇರುತ್ತದೆ. ಅದರ ರೊಟ್ಟಿ ತಿಂದವರಿಗೆ ಗೊತ್ತು.

ಆದರೆ ಬೀಜದ ಜೋಳ ಹಗೇವಿಗೆ ಹಾಕುತ್ತಿರಲಿಲ್ಲ. ಅಲ್ಲಿಟ್ಟ ಕಾಳು ಮೊಳಕೆ ಒಡೆಯುವುದು ಕಷ್ಟ. ಒಳ್ಳೆ ತೆನೆ ಹೊಲದಲ್ಲೇ ಆರಿಸಿ, ಒಣಗಿಸಿ, ಬೂದಿ ಕಲಸಿ ಮಣ್ಣಿನ ಗಡಿಗೆಯಲ್ಲಿ ಇಡುತ್ತಿದ್ದೆವು. ಆ ಗಡಿಗೆ ನಮ್ಮ ಅತ್ತೆಯವರ ಕೈಯಲ್ಲೇ ಇತ್ತು. ಗಂಡಸರು ಮುಟ್ಟುತ್ತಿರಲಿಲ್ಲ. ಎಂಥ ಬರ ಬಂದರೂ ಆ ಗಡಿಗೆಯ ಜೋಳ ಬೀಸಿ ರೊಟ್ಟಿ ಮಾಡಬಾರದು ಅಂತ ಇತ್ತು.

ಇಷ್ಟು ಕೇಳಿ ಎಷ್ಟು ಚಂದದ ಬಾಳೇವು ಅನಿಸಬಹುದು. ಚಂದವೂ ಇತ್ತು. ಆದರೆ ನಸುಕಿನ ನಾಲ್ಕಕ್ಕೆ ಎದ್ದರೆ ಮೊದಲು ಸಗಣಿ ಕೆಲಸ. ಆಮೇಲೆ ದೂರದ ಬಾವಿಯಿಂದ ಎಂಟು ಕೊಡ ನೀರು. ಆಮೇಲೆ 14 ಜನಕ್ಕೆ ರೊಟ್ಟಿ. ಊರಿಗೆ ಗಿರಣಿ ಬಂದಿತ್ತು. ಕರೆಂಟು ಹೋದರೆ ಬೀಸುವ ಕಲ್ಲೇ ಗತಿ. ಮಧ್ಯಾಹ್ನ ಕಳೆ ತೆಗೆಯುವುದು. ಸಂಜೆ ಮತ್ತೆ ನೀರು, ಮತ್ತೆ ಒಲೆ. ಎರಡನೇ ಹೆರಿಗೆಯಾಗಿ ಒಂದು ತಿಂಗಳಿಗೇ ನಾನು ಹೊಲಕ್ಕೆ ಹೋದೆ. ಇಂದಿಗೂ ಸೊಂಟ ಹಿಡಿಯುತ್ತದೆ.

ಅದಕ್ಕೇ ನಿಮ್ಮ ಲೆಕ್ಕ ಎರಡು ಸಲ ಓದಿಸಿಕೊಂಡೆ. ಜೋಳ ಇದೆ, ಕಡಲೆ ಇದೆ, ಎಣ್ಣೆ ಇದೆ, ಕೋಳಿ ಇದೆ. ನಿಮ್ಮ ಹೆಂಡತಿಯ ದುಡಿಮೆ ಎಲ್ಲಿ ಬರೆದಿದ್ದೀರಿ ತಮ್ಮಾ? ಪುಣೆಯಲ್ಲಿ ಆಕೆಗೆ ನಳದ ನೀರು, ಗ್ಯಾಸು ಇತ್ತು. ಈ ಒಕ್ಕಲುತನದ ಅರ್ಥ ಆಕೆಗೆ ಏನು ಅಂತ ಕೇಳಿದ್ದೀರಾ? ಬೈಯುತ್ತಿಲ್ಲ. ನನ್ನನ್ನು ಯಾರೂ ಕೇಳಲಿಲ್ಲ, ಅದಕ್ಕೆ ಹೇಳುತ್ತಿದ್ದೇನೆ.

ಇನ್ನೊಂದು. ನಾವು ಯಾವತ್ತೂ ನಮ್ಮಷ್ಟಕ್ಕೆ ನಾವೇ ಬದುಕಿಲ್ಲ. ಕಂಬಾರರು ಕುಡ ಹರಿತ ಮಾಡಿಕೊಡುತ್ತಿದ್ದರು, ಬಡಿಗೇರರು ಕೂರಿಗೆ ಸರಿಮಾಡುತ್ತಿದ್ದರು, ಕುಂಬಾರರು ಗಡಿಗೆ ತರುತ್ತಿದ್ದರು. ಸುಗ್ಗಿಯಲ್ಲಿ ರಾಶಿ ಆದ ಮೇಲೆ ಕಣದಲ್ಲೇ ಅವರ ಆಯ ಅಳೆದು ಕೊಡಬೇಕು. ಆಮೇಲೆಯೇ ಚೀಲ ಮನೆಗೆ. ಕಳೆ ತೆಗೆಯಲು ನೀವು ನಮ್ಮ ಹೊಲಕ್ಕೆ ಬಂದರೆ ನಾಳೆ ನಾವು ನಿಮ್ಮ ಹೊಲಕ್ಕೆ. ಮುಯ್ಯಾಳು ಅಂತ ಕರೆಯುತ್ತಿದ್ದೆವು. ಎಳ್ಳಮವಾಸ್ಯೆಗೆ ಸಜ್ಜಿ ಕಡಬು, ಪುಂಡಿಪಲ್ಯ, ಎಣ್ಣೆಗಾಯಿ ಕಟ್ಟಿಕೊಂಡು ಹೊಲಕ್ಕೆ ಹೋದರೆ ಮೊದಲು ಭೂಮಿಗೆ ಚರಗ ಚೆಲ್ಲಬೇಕು. ಆಮೇಲೆ ದಾರಿಯಲ್ಲಿ ಹೋಗುವವರನ್ನೂ ಕರೆದು ಉಣ್ಣಿಸಬೇಕು. ಹಾಗೆ ಇತ್ತು.

ಈಗ ನಮಗೆ ಎರಡು ಎಕರೆ ನಿಂಬೆ ಇದೆ. ಇಂಡಿ ನಿಂಬೆಗೆ ಜಿಐ ಟ್ಯಾಗ್ ಬಂದಿದೆ ಅಂತ ಮೊಮ್ಮಗಳು ಹೇಳುತ್ತಾಳೆ. ಆ ದುಡ್ಡಿನಲ್ಲಿ ಅಕ್ಕಿ, ಎಣ್ಣೆ, ಗ್ಯಾಸು ತರುತ್ತೇವೆ. ನನಗೆ ಅದರಲ್ಲಿ ಒಂದಿಷ್ಟೂ ಬೇಜಾರಿಲ್ಲ. ಎಣ್ಣೆ ಮೂರೂವರೆ ತಿಂಗಳಿಗೆ ಬಂತಾ? ಒಳ್ಳೆಯದು. ಉಳಿದದ್ದು ಕೊಂಡು ತನ್ನಿ.

ನವನಗರದವ (ಬಾಗಲಕೋಟೆ):

ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಆ ಇಂಗ್ಲಿಷ್ ಶಬ್ದದ ಹಿಂದೆ ಒಂದು ಕಾನೂನಿದೆ. ಅದನ್ನು ಇಲ್ಲಿ ಹೇಳಲೇಬೇಕು ಅನಿಸಿತು.

1862ರಲ್ಲಿ ಅಮೆರಿಕದ ಅಧ್ಯಕ್ಷ ಅಬ್ರಹಾಂ ಲಿಂಕನ್ ಹೋಮ್‌ಸ್ಟೆಡ್ ಕಾಯ್ದೆಗೆ ಸಹಿ ಹಾಕಿದರು. ಅರ್ಜಿ ಹಾಕಿದವರಿಗೆ 160 ಎಕರೆವರೆಗೆ ಸರ್ಕಾರಿ ಜಮೀನು. ಶುಲ್ಕ ತೀರಾ ಕಡಿಮೆ. ಆದರೆ ಅಲ್ಲೇ ಮನೆ ಕಟ್ಟಬೇಕು, ಐದು ವರ್ಷ ಅಲ್ಲೇ ಇದ್ದು ಉಳಬೇಕು. ಆಮೇಲೆ ಅದು ಅವರದ್ದು. ಒಂಟಿ ಹೆಂಗಸರೂ, ಗುಲಾಮಗಿರಿಯಿಂದ ಬಿಡುಗಡೆಯಾದವರೂ ಅರ್ಜಿ ಹಾಕಬಹುದಿತ್ತು. ಕೊನೆಗೆ ಸುಮಾರು 16 ಲಕ್ಷ ಜನರಿಗೆ ಸುಮಾರು 27 ಕೋಟಿ ಎಕರೆ ಹಂಚಿಕೆಯಾಯಿತು. 1976ರಲ್ಲಿ ಕಾಯ್ದೆ ನಿಂತಿತು. ಅಲಾಸ್ಕಾದಲ್ಲಿ ಮಾತ್ರ ಇನ್ನೂ ಹತ್ತು ವರ್ಷ ನಡೆಯಿತು.

ಆ ಜಮೀನು ಖಾಲಿ ಇರಲಿಲ್ಲ. ಅಲ್ಲಿನ ಮೂಲನಿವಾಸಿಗಳು ತಲೆತಲಾಂತರದಿಂದ ಓಡಾಡಿದ, ಬೇಟೆಯಾಡಿದ, ಬೆಳೆದ ನೆಲ ಅದು. ಅವರನ್ನು ಯುದ್ಧದಿಂದಲೂ ಒಪ್ಪಂದಗಳಿಂದಲೂ ಅಲ್ಲಿಂದ ಸರಿಸಿದರು. ಒಬ್ಬರನ್ನು ಒಕ್ಕಲೆಬ್ಬಿಸಿದರು, ಇನ್ನೊಬ್ಬರು ಒಕ್ಕಲಾದರು. ಎರೆಹೊಲ ಅಣ್ಣಾ, ನೀವು ಹೇಳಿದ ಶಬ್ದ ಇಲ್ಲೂ ಇದೆ ನೋಡಿ. ಒಕ್ಕಲು ಇರುವಲ್ಲಿ ಒಕ್ಕಲೆಬ್ಬಿಸುವುದೂ ಇದೆ.

ಇದು ನನಗೆ ಬರೀ ಪಾಠದ ವಿಷಯ ಅಲ್ಲ. ನಮ್ಮ ಊರು ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದೆ. 1964ರಲ್ಲಿ ಅಣೆಕಟ್ಟಿಗೆ ಅಡಿಗಲ್ಲು ಹಾಕಿದಾಗ ನಮ್ಮ ಅಜ್ಜ ಅದನ್ನು ನೋಡಲು ಹೋಗಿದ್ದರಂತೆ. ನೀರು ಬರುತ್ತದೆ, ಬರ ಹೋಗುತ್ತದೆ ಅಂತ ಖುಷಿಪಟ್ಟಿದ್ದರಂತೆ. ಬರ ಹೋಯಿತು, ಸುಳ್ಳಲ್ಲ. ಬೇರೆಯವರ ಹೊಲಕ್ಕೆ ಕಾಲುವೆ ಬಂತು. ನಮ್ಮ 9 ಎಕರೆ ಹೊಳೆ ದಂಡೆಯ ಹೊಲ ನೀರೊಳಗೆ ಹೋಯಿತು. ಹಳೆ ಬಾಗಲಕೋಟೆಯ ಎಷ್ಟೋ ಓಣಿಗಳೂ ಹೋದವು.

ಪರಿಹಾರ ಬಂತು. ನವನಗರದ ಒಂದು ಸೆಕ್ಟರಿನಲ್ಲಿ ಸೈಟು ಸಿಕ್ಕಿತು. ಅಗಲ ರಸ್ತೆ, ಸಾಲು ಮರ, ಹತ್ತಿರದಲ್ಲೇ ಶಾಲೆ. ನಾನು ಓದಿ ನೌಕರಿ ಹಿಡಿದದ್ದು ಇಲ್ಲಿಗೆ ಬಂದಿದ್ದರಿಂದಲೇ. ಆದರೆ ಅಜ್ಜಿ ಬರುವಾಗ ಹಳೆ ಹಿತ್ತಲಿನ ಒಂದು ಬುಟ್ಟಿ ಮಣ್ಣು, ನುಗ್ಗೆಯ ಒಂದು ಟೊಂಗೆ ತಂದಿದ್ದಳು. ಸೈಟಿನ ಗರಸು ನೆಲದಲ್ಲಿ ಆ ಮಣ್ಣು ಹಾಕಿ ಟೊಂಗೆ ನೆಟ್ಟಳು. ಹತ್ತಿತು. ಈಗಲೂ ಅದರ ಕಾಯಿ ತಿನ್ನುತ್ತೇವೆ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ನಮ್ಮೂರ ಗುಡಿಯ ಕಟ್ಟೆ ಕಾಣಿಸುತ್ತದೆ. ಮಗಳನ್ನು ಕರೆದುಕೊಂಡು ಹೋಗಿ, ಇಲ್ಲಿ ನಮ್ಮ ಕಣ ಇತ್ತು ಅಂತ ತೋರಿಸಿದ್ದೇನೆ.

2010ರಲ್ಲಿ ಎರಡನೇ ಕೃಷ್ಣಾ ನ್ಯಾಯಮಂಡಳಿ ಅಣೆಕಟ್ಟಿನಲ್ಲಿ 519.6 ಮೀಟರಿನಿಂದ 524.256 ಮೀಟರಿನವರೆಗೆ ನೀರು ನಿಲ್ಲಿಸಲು ಒಪ್ಪಿತು. ಅಂದಿನಿಂದ ಇನ್ನಷ್ಟು ಊರುಗಳು ಕಾಯುತ್ತಾ ಕೂತಿವೆ. ಹೊಸ ಮನೆ ಕಟ್ಟಬೇಕೋ ಬೇಡವೋ, ಮಾವು ನೆಡಬೇಕೋ ಬೇಡವೋ ಅವರಿಗೆ ತಿಳಿಯುತ್ತಿಲ್ಲ. ನೆಟ್ಟ ಗಿಡದ ಕಾಯಿಯನ್ನು ಮೊಮ್ಮಕ್ಕಳು ತಿನ್ನುತ್ತಾರೆ ಅಂತ ನಂಬಿಕೆ ಇರುವುದೇ ನನ್ನ ಪಾಲಿಗೆ ಒಕ್ಕಲುತನ. ನಿಮಗೆ ಆ ನಂಬಿಕೆ ಇದೆ ಅಣ್ಣಾ. ಬೋರಿಗಿಂತ ದೊಡ್ಡದು ಅದು.

ಮಲಪ್ರಭಾ ದಂಡೆ (ರಾಮದುರ್ಗ ತಾಲ್ಲೂಕು):

ಹೊಲ ಇಲ್ಲದವರೂ ಹೇಳಿ ಅಂದಿರಿ, ಅದಕ್ಕೆ ಬರೆಯುತ್ತಿದ್ದೇನೆ. ನಾನು ನರ್ಸ್.

ನಮ್ಮ ಅಜ್ಜ 20 ವರ್ಷ ಬೇರೆಯವರ ಹೊಲವನ್ನು ಕೋರಿಗೆ ಮಾಡಿದರು. ಬೆಳೆದದ್ದರಲ್ಲಿ ಅರ್ಧ ಒಡೆಯರಿಗೆ. 1974ರಲ್ಲಿ ದೇವರಾಜ ಅರಸರ ಸರ್ಕಾರ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ತಂದಾಗ ಉಳುವವನೇ ಒಡೆಯ ಅಂತಾಯಿತು. ನಮೂನೆ 7 ತುಂಬಿ ಭೂ ನ್ಯಾಯಮಂಡಳಿಗೆ ಅರ್ಜಿ ಕೊಡಬೇಕಿತ್ತು. ನಮ್ಮ ಓಣಿಯ ಕೆಲವರು ಕೊಟ್ಟರು. ಇಂದು ಅವರ ಹೆಸರಲ್ಲಿ ಉತಾರ (ಪಹಣಿ) ಇದೆ. ಅಜ್ಜ ಕೊಡಲಿಲ್ಲ. ಓದು ಬರಹ ಬರುತ್ತಿರಲಿಲ್ಲ. ಒಡೆಯರ ಮನೆಯವರು ಕಷ್ಟಕ್ಕೆ ಆಗಿದ್ದರು, ಅವರ ಮೇಲೆ ಅರ್ಜಿ ಹಾಕಲು ಅಜ್ಜನಿಗೆ ಮನಸ್ಸು ಬರಲಿಲ್ಲ. ಅರ್ಜಿಯ ಕಾಲ ಮುಗಿದ ಮೇಲೆ ಹೊಲ ಬಿಡಿಸಿಕೊಂಡರು. ಅಪ್ಪ ಕೂಲಿಗೆ ಹೋದರು.

ನಮಗಿರುವುದು 30-40 ಅಳತೆಯ ಮನೆ ಜಾಗ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಬಂದು ಗೋಡೆ ಬಿತ್ತು. ಮತ್ತೆ ಕಟ್ಟಿಕೊಂಡೆವು. ಹಿತ್ತಲಲ್ಲಿ ಎರಡು ಆಡು, ಒಂದು ಕರಿಬೇವು, ಒಂದು ನಿಂಬೆ. ಅವ್ವ ಆಡಿನ ಹಾಲಿನ ಚಹಾ ಬಿಟ್ಟು ಬೇರೆ ಕುಡಿಯುವುದಿಲ್ಲ.

2020ರಿಂದ ಬೇಸಾಯ ಮಾಡದವರೂ ಇಲ್ಲಿ ಹೊಲ ಕೊಳ್ಳಬಹುದು. ಶಹರದವರು ಬಂದು ಒಂದು ಎಕರೆ ಕೊಂಡು ತೋಟದ ಮನೆ ಕಟ್ಟುತ್ತಿದ್ದಾರೆ. ಅವರ ಆಸೆಯೂ ನಿಮ್ಮದೇ ಇರಬಹುದು, ತಪ್ಪು ಅನ್ನಲಾರೆ. ಆದರೆ ಅಪ್ಪ ಆ ತೋಟಗಳಿಗೆ ಗುಂಡಿ ತೋಡಲು ಹೋಗುತ್ತಾರೆ. ನನಗೆ ಒಕ್ಕಲುತನ ಅಂದರೆ ಮೊದಲು ಕಾಗದ. ಹೆಸರು ಬರೆದಿರುವ ಕಾಗದ. ಬೆಳೆಯುವುದು ನಮಗೆ ಬರುತ್ತದೆ.

ಎರೆಹೊಲ:

ನಾಲ್ಕು ದಿನ ಉತ್ತರ ಬರೆಯಲಾಗಲಿಲ್ಲ. ಎಲ್ಲರ ಮಾತನ್ನೂ ಮನೆಯಲ್ಲಿ ಗಟ್ಟಿಯಾಗಿ ಓದಿದೆ. ರಾಮದುರ್ಗದ ತಂಗಿ, ನಿಮ್ಮ ಅಜ್ಜನ ವಿಷಯ ಓದುವಾಗ ಅವ್ವ ಕಣ್ಣು ಒರೆಸಿಕೊಂಡಳು. ನಮ್ಮ ಹೊಲವೂ ಅಪ್ಪನಿಗೆ ಬಂದದ್ದು ಅದೇ ನಮೂನೆ 7ರಿಂದಂತೆ. ನನಗೆ ಈ ವಾರವೇ ಗೊತ್ತಾಯಿತು. ಟ್ರಂಕಿನಲ್ಲಿ ನ್ಯಾಯಮಂಡಳಿಯ ಆದೇಶ ಇತ್ತು, ಮಡಚಿದಲ್ಲಿ ಹರಿದಿದೆ. ಲ್ಯಾಮಿನೇಷನ್ ಮಾಡಿಸಬೇಡಿ, ಹಾಗೇ ಪ್ಲಾಸ್ಟಿಕ್ ಹಾಳೆಯಲ್ಲಿಡಿ ಅಂತ ತಲಾಠಿ ಹೇಳಿದರು.

ಇಂಡಿ ಅಕ್ಕಾವರೆ, ನೀವು ಕೇಳಿದ್ದನ್ನು ಹೆಂಡತಿಗೆ ಕೇಳಿದೆ. ಆಕೆ ಹುಕ್ಕೇರಿ ಕಡೆಯವಳು, ನೀರಾವರಿ ಊರು. ಸುಮ್ನೆ ನಕ್ಕು ಬಿಡುತ್ತಾಳೆ ಅಂದುಕೊಂಡಿದ್ದೆ. ಒಲೆ ಮುಂದೆ ಕೂತಿದ್ದವಳು ಎದ್ದು ಹೊರಗೆ ಬಂದು ಹೇಳಿದಳು. ಊರು ಇಷ್ಟವಾಗಿದೆ, ವಾಪಸ್ ಹೋಗುವ ಮಾತಿಲ್ಲ. ಆದರೆ ಎರಡು ವಿಷಯ. ಇನ್ನು ಮೇಲೆ ನೀರು ನಾನು ತರಬೇಕು, ಆಕೆಯಲ್ಲ. ಉತಾರದಲ್ಲಿ ಆಕೆಯ ಹೆಸರೂ ಇರಬೇಕು. ಸ್ವಲ್ಪ ಹೊತ್ತು ನನಗೆ ಮಾತು ಬರಲಿಲ್ಲ. ಪುಣೆಗೆ ಹೋಗುವಾಗ ಆಕೆಯ ತಾಳಿ ಸರ ಒತ್ತೆ ಇಟ್ಟಿದ್ದೆ. ಅದನ್ನು ಬಿಡಿಸಿಕೊಳ್ಳಲು ಮೂರು ವರ್ಷ ಹಿಡಿದಿತ್ತು. ಒಮ್ಮೆಯೂ ಆಕೆ ಅದನ್ನು ಎತ್ತಿ ಆಡಿಲ್ಲ.

ನೀರು ಐದು ದಿನದಿಂದ ನಾನೇ ತರುತ್ತಿದ್ದೇನೆ. ಹೆಸರು ಸೇರಿಸುವುದಕ್ಕೆ ಸೋಮವಾರ ಬಾಗೇವಾಡಿಗೆ ಹೋಗಿ ವಿಚಾರಿಸುತ್ತೇವೆ, ಇಬ್ಬರೂ. ಮಾಳಿಗೆ ಅಳೆದೆ, 84 ಚದರ ಮೀಟರ್ ಬಂತು. ತೊಟ್ಟಿಗೆ ಗವಂಡಿಯವರ ಹತ್ತಿರ ಮಾತಾಡಿದ್ದೇನೆ. ಕೋಳಿ ಮತ್ತೆ ಹತ್ತು ತರುತ್ತೇವೆ, ಈ ಸಲ ಲಸಿಕೆ ಮೊದಲು. ನುಗ್ಗೆ ಟೊಂಗೆ ಯಾವ ತಿಂಗಳು ನೆಡಬೇಕು ಅಂತ ನವನಗರದ ಸರ್ ಹೇಳಬೇಕು.

ಅಕ್ಕಾವರೆ, ನನ್ನದೊಂದು ಕೇಳಿಕೆ. ನಾನು ಬಿತ್ತಿದ ಜೋಳ ಪೇಟೆಯಲ್ಲಿ ತಂದ ಬೀಜದ್ದು. ನಿಮ್ಮ ಅತ್ತೆಯವರ ಗಡಿಗೆಯ ಜೋಳ ಇನ್ನೂ ಇದೆಯಾ?

ಇಂಡಿ ಅಕ್ಕ:

ಇದೆ ತಮ್ಮಾ. ಅರ್ಧ ಎಕರೆಯಲ್ಲಿ ವರ್ಷವೂ ಅದನ್ನೇ ಬಿತ್ತುತ್ತೇವೆ. ಎಕರೆಗೆ ಮೂರು ಕೆಜಿ ಬೇಕು. ನಿಮ್ಮ ಒಂದೂವರೆ ಎಕರೆಗೆ ಐದು ಕೆಜಿ ಇಟ್ಟಿರುತ್ತೇನೆ. ದುಡ್ಡು ಬೇಡ. ಮುಂದಿನ ಸುಗ್ಗಿಗೆ ಅಷ್ಟೇ ಜೋಳ, ತೆನೆ ಆರಿಸಿದ್ದು, ವಾಪಸ್ ತಂದುಕೊಡಿ. ಉತ್ತರಿ ಮಳೆಗೆ ಮೊದಲೇ ಬನ್ನಿ. ನಿಮ್ಮ ಹೆಂಡತಿಯನ್ನೂ ಕರೆದುಕೊಂಡು ಬನ್ನಿ, ಗಡಿಗೆ ಆಕೆಯ ಕೈಗೇ ಕೊಡುತ್ತೇನೆ.